ಲಾರ್ನ್ ಡ್ಯಾನಿಲಕ್‌ನ ಹನ್ನೆರಡು ಸೆಕೆಂಡು

ವಿಚಿಟಾ ಟ್ವಿಸ್ಟರ್ಸ್ ಎಂಬ ಐಸ್ ಹಾಕಿ ತಂಡ ಈ ಭೂಮಿಯ ಮೇಲೆ ಬದುಕಿದ್ದು ಒಟ್ಟು ಎರಡು ಚಳಿಗಾಲ. ಆ ಎರಡು ಚಳಿಗಾಲದಲ್ಲಿ ಅದು ಗೆದ್ದ ಪಂದ್ಯಗಳಿಗಿಂತ ಅದರ ಬಸ್ಸು ಕೆಟ್ಟು ನಿಂತ ದಿನಗಳೇ ಹೆಚ್ಚು. ಸುಂಟರಗಾಳಿ ಎಂದು ಹೆಸರಿಟ್ಟುಕೊಂಡವರು ಯಾರದಾದರೂ ಮನೆಯ ಒಂದು ತಗಡನ್ನಾದರೂ ಹಾರಿಸಬೇಕಿತ್ತು. ಇವರು ಎದುರಾಳಿಯ ಕೂದಲನ್ನೂ ಕೊಂಕಿಸಲಿಲ್ಲ.

ಈ ತಂಡದ ಎರಡನೇ ಗೋಲ್‌ಕೀಪರ್ ಲಾರ್ನ್ ಡ್ಯಾನಿಲಕ್. ಅವನಿಗೆ ಮೂವತ್ತೆಂಟು ವರ್ಷ, ಅವನ ಎಡಮಂಡಿಗೆ ಎಪ್ಪತ್ತರ ಮೇಲೆ. ತಂಡದವರೆಲ್ಲ ಅವನನ್ನು ತಾತ ಅನ್ನುತ್ತಿದ್ದರು. ಅವನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ: ದೊಡ್ಡ ಲೀಗಿನ ಪಂದ್ಯವೊಂದರಲ್ಲಿ ಒಂದು ಸೆಕೆಂಡಾದರೂ ಐಸ್ ಮೇಲೆ ಇಳಿಯುವುದು. ಗೆಲ್ಲಬೇಕೆಂದಲ್ಲ, ಮೆರೆಯಬೇಕೆಂದೂ ಅಲ್ಲ. ಇಳಿದರೆ ಸಾಕಿತ್ತು.

ಅದಕ್ಕೆ ಕಾರಣ ಕಾಂಟಿನೆಂಟಲ್ ಲೀಗು ಎಂಬ ಈ ದೊಡ್ಡ ಲೀಗು ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಇಟ್ಟಿಗೆ ಗಾತ್ರದ ಪುಸ್ತಕ. ಲೀಗು ಹುಟ್ಟಿದಂದಿನಿಂದ ಅದರಲ್ಲಿ ಒಂದು ಕ್ಷಣವಾದರೂ ಆಡಿದ ಪ್ರತಿಯೊಬ್ಬನ ಹೆಸರೂ ಅದರ ಹಿಂದಿನ ಪುಟಗಳಲ್ಲಿ ಇರುತ್ತದೆ. ಸತ್ತವನದೂ ಇರುತ್ತದೆ, ಜೈಲಿಗೆ ಹೋದವನದೂ ಇರುತ್ತದೆ. ಲಾರ್ನ್‌ನ ಊರು ಸಸ್ಕ್ಯಾಚುವಾನಿನ ಕನೋರಾ. ಆ ಊರಿನ ಇಬ್ಬರು ಪುಸ್ತಕದಲ್ಲಿದ್ದರು. ಒಬ್ಬ ಎರಡು ಪಂದ್ಯ ಆಡಿದ್ದ, ಇನ್ನೊಬ್ಬ ಒಂದೇ ಪಂದ್ಯ ಆಡಿ ಅದರಲ್ಲೇ ಮೂಗು ಮುರಿಸಿಕೊಂಡು ವಾಪಸ್ ಬಂದಿದ್ದ. ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಇವರಿಬ್ಬರಿಗೂ ಇಪ್ಪತ್ತು ವರ್ಷದಿಂದ ಬಿಯರು ಪುಕ್ಕಟೆ. ಮೂಗು ಮುರಿದವನಂತೂ ದಿನಕ್ಕೊಂದು ಥರ ಮೂಗಿನ ಕಥೆ ಹೇಳುತ್ತಿದ್ದ. ಲಾರ್ನ್ ಅದನ್ನು ಹಲ್ಲು ಕಚ್ಚಿ ಕೇಳುತ್ತಿದ್ದ. ಅವನು ಹದಿನಾಲ್ಕು ವರ್ಷ ಕೆಳಗಿನ ಲೀಗುಗಳಲ್ಲಿ ಉರುಳಿಕೊಂಡು ಬಿದ್ದಿದ್ದವನು. ಹನ್ನೊಂದು ಸಲ ದೊಡ್ಡ ತಂಡ ಅವನನ್ನು ಕರೆಸಿಕೊಂಡಿತ್ತು, ಹನ್ನೊಂದು ಸಲವೂ ಪೂರ್ತಿ ವೇಷ ಕಟ್ಟಿಸಿ ಬೆಂಚಿನ ಮೇಲೆ ಕೂರಿಸಿ ವಾಪಸ್ ಕಳಿಸಿತ್ತು. ಬೆಂಚಿನ ಮೇಲೆ ಕೂತವನ ಹೆಸರು ಪುಸ್ತಕಕ್ಕೆ ಬರುವುದಿಲ್ಲ.

ಮಂಡಿ ಕೈಕೊಟ್ಟ ಮೇಲೆ ಅವನು ಆಟ ಬಿಟ್ಟು ಊರಿನ ಧಾನ್ಯದ ಉಗ್ರಾಣದಲ್ಲಿ ಬಾರ್ಲಿ ಇಳಿಸುವ ಕೆಲಸಕ್ಕೆ ಸೇರಿದ. ಮೂರು ವರ್ಷ ಬಾರ್ಲಿಯ ಧೂಳು ಕುಡಿದ ಮೇಲೆ, 1974ರ ಜೂನ್‌ನಲ್ಲಿ, ಒಂದು ಫೋನ್ ಬಂತು. ನಿನ್ನನ್ನು ವಿಚಿಟಾದ ಹೊಸ ತಂಡ ಆರಿಸಿಕೊಂಡಿದೆ, ಸೆಪ್ಟೆಂಬರಿನಲ್ಲಿ ಬಾ ಎಂದರು. ಯಾರೋ ಚೇಷ್ಟೆ ಮಾಡುತ್ತಿದ್ದಾರೆಂದು ಲಾರ್ನ್ ಬೈದು ಫೋನ್ ಇಟ್ಟ. ಅವರು ಮತ್ತೆ ಮಾಡಿದರು.

ಅದು ಚೇಷ್ಟೆಯಾಗಿರಲಿಲ್ಲ, ಎಡವಟ್ಟಾಗಿತ್ತು. ಲೀಗಿಗೆ ಹೊಸ ತಂಡವೊಂದು ಸೇರಿದಾಗ ಹಳೆಯ ತಂಡಗಳು ಮನೆ ಗುಡಿಸಿದ ಕಸವನ್ನು ಅದರ ಮಡಿಲಿಗೆ ತುಂಬುವ ಒಂದು ಶಾಸ್ತ್ರವಿದೆ. ತಮಗೆ ಬೇಕಾದ ಆಟಗಾರರನ್ನೆಲ್ಲ ಬಚ್ಚಿಟ್ಟುಕೊಂಡು, ಬೇಡದವರ ಹೆಸರುಗಳನ್ನು ಪಟ್ಟಿ ಮಾಡಿ ಮುಂದಿಡುತ್ತಾರೆ. ಹೊಸಬ ಅದರಲ್ಲೇ ಹೆಕ್ಕಿಕೊಳ್ಳಬೇಕು. ಒಂದು ಹಳೆಯ ತಂಡ ಪಟ್ಟಿಯ ಸಂಖ್ಯೆ ಭರ್ತಿಯಾಗಲಿ ಎಂದು ಆಟ ಬಿಟ್ಟ ಲಾರ್ನ್‌ನ ಹೆಸರನ್ನೂ ಸೇರಿಸಿತ್ತು. ಇಂಥ ಹೆಸರನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರದವನು ಒಬ್ಬನೇ, ಟ್ವಿಸ್ಟರ್ಸ್‌ನ ಮ್ಯಾನೇಜರೂ ಕೋಚೂ ಎರಡೂ ಆಗಿದ್ದ ಮರ್ವ್ ಪೆಟ್ರಿ. ಅವನು ತನ್ನ ಹೊಸ ಮಾಹಿತಿ ಪುಸ್ತಕವನ್ನು ವಿಮಾನ ನಿಲ್ದಾಣದ ಪಾಯಿಖಾನೆಯಲ್ಲಿ ಮರೆತು, ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ನಾಲ್ಕು ವರ್ಷ ಹಿಂದಿನದನ್ನು ಹಿಡಿದುಕೊಂಡು ಕೂತಿದ್ದ. ಅದರಲ್ಲಿ ಡ್ಯಾನಿಲಕ್ ಕಟ್ಟುಮಸ್ತಾಗಿದ್ದ. ಮರ್ವ್ ಎದ್ದು ನಿಂತು, ಎದೆಯುಬ್ಬಿಸಿ ಆ ಹೆಸರನ್ನು ಓದಿದ. ಒಬ್ಬ ಹಿರಿಯ ಮ್ಯಾನೇಜರು ಬಂದು ಅವನ ಕೈಕುಲುಕಿ, ನಿಮ್ಮ ಕಣ್ಣು ಭಾರಿ ಚುರುಕು ಎಂದು ಹೇಳಿ, ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕನಂತೆ.

ಹೋಗಬೇಡ ಎಂದು ಲಾರ್ನ್‌ನ ಹೆಂಡತಿ ಸ್ಟೆಫಿ ಹೇಳಲಿಲ್ಲ. ಆ ಪುಸ್ತಕದ ಹುಚ್ಚು ಗಂಡನಿಗೆ ಎಷ್ಟಿದೆ ಎಂಬುದು ಅವಳಿಗೆ ಗೊತ್ತಿತ್ತು. ಮಂಡಿಗೆ ಹಚ್ಚುವ ಕುದುರೆ ಮುಲಾಮಿನ ಎರಡು ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ ಕಳಿಸಿದಳು.

ಮರ್ವ್‌ಗೆ ತನ್ನ ಎಡವಟ್ಟು ಗೊತ್ತಾಗಿದ್ದು ಸೆಪ್ಟೆಂಬರಿನ ಮೊದಲ ಅಭ್ಯಾಸದ ದಿನ. ಲಾರ್ನ್ ಒಂದು ಹೊಡೆತ ತಡೆಯಲು ಮಂಡಿಯೂರಿದ, ಚೆನ್ನಾಗಿಯೇ ತಡೆದ. ಆಮೇಲೆ ಏಳಲಿಲ್ಲ. ಇಬ್ಬರು ಬಂದು ಕಂಕುಳಿಗೆ ಕೈಹಾಕಿ ಎತ್ತಬೇಕಾಯಿತು. ಮರ್ವ್‌ನ ಮುಖ ಐಸಿಗಿಂತ ಬಿಳಿಚಿಕೊಂಡಿತು. ಅವತ್ತು ಮಾಲೀಕನೂ ಬಂದಿದ್ದ. ಡಿವೇನ್ ಸ್ಟಬಲ್‌ಫೀಲ್ಡ್ ಎಂಬ ಈ ಮಾಲೀಕ ನೀರು ತುಂಬಿದ ಹಾಸಿಗೆಗಳನ್ನು ಮಾರಿ ದೊಡ್ಡವನಾದವನು. ಇಡೀ ಕ್ಯಾನ್ಸಸ್ ರಾಜ್ಯ ಅವನ ಹಾಸಿಗೆಗಳ ಮೇಲೆ ಬುಳುಬುಳು ಎಂದು ಮಲಗುತ್ತಿದ್ದ ಕಾಲ ಅದು. ಹಾಕಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಎರಡೇ: ಅದನ್ನು ಐಸ್ ಮೇಲೆ ಆಡುತ್ತಾರೆ, ಐಸ್ ಎಂದರೆ ಗಟ್ಟಿಯಾದ ನೀರು. ಆ ದೊಡ್ಡ ಮನುಷ್ಯನಿಗೆ ಏನಾಯಿತು ಎಂದು ಅವನು ಕೇಳಿದ. ಮರ್ವ್ ಹಿಂದೆಮುಂದೆ ನೋಡದೆ, ಅವನು ನಮ್ಮ ಗುಪ್ತಾಸ್ತ್ರ, ಸರಿಯಾದ ಸಮಯ ಬರುವವರೆಗೆ ಯಾರಿಗೂ ತೋರಿಸುವುದಿಲ್ಲ ಎಂದುಬಿಟ್ಟ. ಮಾಲೀಕನಿಗೆ ರೋಮಾಂಚನವಾಯಿತು. ವಾರದೊಳಗೆ ಊರಿನ ಕ್ಷೌರಿಕನಿಗೂ ಗುಪ್ತಾಸ್ತ್ರದ ವಿಷಯ ಗೊತ್ತಿತ್ತು.

ಲಾರ್ನ್‌ಗೆ ಮಾತ್ರ ಮರ್ವ್ ನಿಜ ಹೇಳಿದ. ಇಬ್ಬರೂ ಒಂದು ಕಾಲದಲ್ಲಿ ಎದುರುಬದುರಾಗಿ ಆಡಿದವರು, ಮುಚ್ಚುಮರೆ ಇರಲಿಲ್ಲ.

"ನೋಡು ಲಾರ್ನ್, ನೀನು ಐಸ್ ಮೇಲೆ ಕಾಲಿಟ್ಟ ದಿನ ನನ್ನ ಬಣ್ಣ ಬಯಲಾಗುತ್ತೆ. ಸಂಬಳ ತಗೋ, ಊಟ ಮಾಡು, ಬೆಂಚ್ ಮೇಲೆ ಬೆಚ್ಚಗೆ ಕೂತ್ಕೋ. ಇಳಿಸು ಅಂತ ಮಾತ್ರ ಕೇಳ್ಬೇಡ."

"ಒಂದು ಸೆಕೆಂಡು ಸಾಕು ನಂಗೆ."

"ಒಂದು ಸೆಕೆಂಡಲ್ಲಿ ನೀನು ಬಿದ್ರೆ?"

ಬಿದ್ದರೂ ಪುಸ್ತಕಕ್ಕೆ ಬರುತ್ತೇನಲ್ಲ ಎಂದು ಲಾರ್ನ್‌ನ ಬಾಯಿತುದಿಗೆ ಬಂದಿತ್ತು, ನುಂಗಿಕೊಂಡ.

ಎರಡನೇ ಗೋಲ್‌ಕೀಪರನಿಗೆ ಪಂದ್ಯದಲ್ಲಿ ಒಂದು ಕೆಲಸ ಇದ್ದೇ ಇದೆ. ಬೆಂಚಿನ ಮುಂದೆ ಸೊಂಟದೆತ್ತರದ ಹಲಗೆ ಗೋಡೆ ಇರುತ್ತದೆ, ಅದರ ತುದಿಯಲ್ಲಿ ಒಂದು ಸಣ್ಣ ಬಾಗಿಲು. ಆಟಗಾರರು ನಿಮಿಷಕ್ಕೊಮ್ಮೆ ಏದುಸಿರು ಬಿಡುತ್ತ ಒಳಗೆ ಬರುತ್ತಾರೆ, ಬೇರೆಯವರು ಹೊರಗೆ ಹೋಗುತ್ತಾರೆ. ಆ ಬಾಗಿಲ ಪಕ್ಕದ ಜಾಗ ಎರಡನೇ ಗೋಲ್‌ಕೀಪರನದು. ಅಗಳಿ ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು. ಲಾರ್ನ್ ಇದನ್ನು ಮನಸ್ಸಿಟ್ಟು ಮಾಡುತ್ತಿದ್ದ. ಅವನ ಕೈಕೆಳಗೆ ಆ ಬಾಗಿಲು ಒಮ್ಮೆಯೂ ಯಾರ ಮೊಣಕೈಗೂ ಬಡಿಯಲಿಲ್ಲ. ಇಡೀ ತಂಡದಲ್ಲಿ ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದವನು ಅವನೊಬ್ಬನೇ ಎಂದರೆ ಉಳಿದವರಿಗೆ ಅನ್ಯಾಯ ಮಾಡಿದ ಹಾಗಾಗುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಸ್ಟೆಫಿ, ಇವತ್ತಾದರೂ ಇಳಿದೆಯಾ ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಛೇಡಿಸುತ್ತಿದ್ದಳು.

"ಬಾಗಿಲು ತೆಗೆಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮನೆ ಕೊಟ್ಟಿಗೆ ಬಾಗಿಲು ಕೇಳೋರಿಲ್ದೆ ಬಿದ್ದಿದೆ ಇಲ್ಲಿ."

ಕೊಟ್ಟಿಗೆ ಎಂದರೆ ವಿಚಿಟಾದ ಕ್ರೀಡಾಂಗಣವೂ ಅದಕ್ಕೆ ಕಡಿಮೆಯಿರಲಿಲ್ಲ. ಅದು ಮೂಲತಃ ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಕಟ್ಟಡ. ನವೆಂಬರಿನಲ್ಲಿ ಎರಡು ವಾರ ಬಹುಮಾನದ ಹೋರಿಗಳಿಗೆ ಜಾಗ ಬಿಟ್ಟುಕೊಟ್ಟು ತಂಡ ಊರೂರು ಅಲೆಯಬೇಕಿತ್ತು. ವಾಪಸ್ ಬಂದಾಗ ಐಸಿನ ಅಡಿಯಿಂದ ಸಗಣಿ ವಾಸನೆ ಬರುತ್ತಿತ್ತು, ಅದು ಮಾರ್ಚಿನವರೆಗೂ ಹೋಗುತ್ತಿರಲಿಲ್ಲ. ಎದುರಾಳಿಗಳು ಮೂಗು ಹಿಡಿದುಕೊಂಡು ಆಡಿ, ಹಾಗೆಯೇ ಗೆದ್ದುಕೊಂಡು ಹೋಗುತ್ತಿದ್ದರು. ನೋಡಲು ಬರುವ ಸಾವಿರ ಚಿಲ್ಲರೆ ಜನ ಒಳ್ಳೆಯವರು, ಆದರೆ ಅವರಿಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಗೋಲಿನ ಹಿಂದೆ ಕೆಂಪು ದೀಪ ಹತ್ತಿದರೆ ಅದು ಯಾರ ಗೋಲು ಎಂದು ನೋಡದೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹಾಗಾಗಿ ಟ್ವಿಸ್ಟರ್ಸ್‌ಗೆ ತವರಿನಲ್ಲಿ ಚಪ್ಪಾಳೆಯ ಕೊರತೆ ಒಂದು ದಿನವೂ ಆಗಲಿಲ್ಲ.

ಇಡೀ ಊರಿನಲ್ಲಿ ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದವರು ಮಿಸ್ ವೆಲ್ಡಾ ಶ್ರೋಡರ್ ಒಬ್ಬರೇ. ಮೂವತ್ತೈದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಈ ಮಹಿಳೆಯನ್ನು ಲೀಗು ಅಧಿಕೃತ ದಾಖಲೆಗಾರರಾಗಿ ನೇಮಿಸಿತ್ತು. ಯಾರು ಗೋಲು ಹೊಡೆದರು, ಯಾರು ಬಿಟ್ಟರು, ಯಾರು ಎಷ್ಟು ಹೊತ್ತು ಆಡಿದರು ಎಂದು ಅವರು ಬರೆದದ್ದೇ ಅಂತಿಮ. ಅವರ ಹಾಳೆಯಿಂದಲೇ ಆ ದಪ್ಪ ಪುಸ್ತಕ ತಯಾರಾಗುವುದು. ಈ ಕಥೆಯಲ್ಲಿ ಬಹುವಚನಕ್ಕೆ ಯೋಗ್ಯರಾದವರು ಇವರೊಬ್ಬರೇ ಎಂದು ಓದುಗರಿಗೆ ಆಗಲೇ ಗೊತ್ತಾಗಿರಬೇಕು.

ಎರಡನೇ ಚಳಿಗಾಲ ಮುಗಿಯುವಷ್ಟರಲ್ಲಿ ಕ್ಯಾನ್ಸಸ್ಸಿನ ಜನ ಬುಳುಬುಳು ಸಾಕಾಗಿ ಮತ್ತೆ ಹತ್ತಿ ಹಾಸಿಗೆಗೆ ಮರಳಿದ್ದರು. ಸ್ಟಬಲ್‌ಫೀಲ್ಡ್ ಕಣ್ಣು ಒರೆಸಿಕೊಂಡು, ಏಪ್ರಿಲ್ ನಾಲ್ಕರ ಭಾನುವಾರ ಮಧ್ಯಾಹ್ನದ ಪಂದ್ಯವೇ ಕೊನೆಯದು, ಅಲ್ಲಿಗೆ ತಂಡವನ್ನು ಮುಚ್ಚುತ್ತೇನೆ ಎಂದು ಘೋಷಿಸಿದ. ಆಟಗಾರರಲ್ಲಿ ಬೇಕಾದವರನ್ನು ಉಳಿದ ತಂಡಗಳು ಮುಂದಿನ ವಾರ ಹಂಚಿಕೊಳ್ಳುತ್ತವೆ, ಬೇಡದವರು ಮನೆಗೆ. ಲಾರ್ನ್ ಎರಡು ವರ್ಷದಲ್ಲಿ ನೂರ ಐವತ್ತೊಂಬತ್ತು ಪಂದ್ಯಗಳಿಗೆ ವೇಷ ಕಟ್ಟಿ ಕೂತಿದ್ದ. ಐಸ್ ಮುಟ್ಟಿದ್ದು ಸೊನ್ನೆ. ಉಳಿದಿದ್ದು ಒಂದೇ ಪಂದ್ಯ.

ಅವನು ಮೊದಲು ಹೋಗಿದ್ದು ಮರ್ವ್ ಹತ್ತಿರ. ತಂಡವೇ ಸಾಯುತ್ತಿದೆ, ಇನ್ನು ಮುಚ್ಚಿಡುವುದಕ್ಕೆ ಏನಿದೆ ಎಂದು ಕೇಳಿದ. ಮರ್ವ್ ಕಿಟಕಿಯ ಕಡೆ ತಿರುಗಿದ. ಅವನಿಗೆ ಬೇರೊಂದು ತಂಡದಲ್ಲಿ ಹೊಸ ಆಟಗಾರರನ್ನು ಹುಡುಕಿ ಆರಿಸುವ ಕೆಲಸ ಸಿಗುವುದರಲ್ಲಿತ್ತು. ಆರಿಸುವ ಕಣ್ಣು ಚುರುಕಾಗಿದೆ ಎಂದು ನಂಬಿ ಕೊಡುವ ಕೆಲಸ. ಡ್ಯಾನಿಲಕ್ ಎಂಬ ಹೆಸರಿನ ಮುಂದೆ ಖಾಲಿ ಜಾಗ ಇದ್ದರೆ ಯಾರೂ ಏನೂ ಕೇಳುವುದಿಲ್ಲ, ಅಂಕಿ ಬಿದ್ದರೆ ಕೇಳುತ್ತಾರೆ. ಇದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಯಿತು, ಆದರೂ ಹೇಳಿದ. ಮೂರು ಮಕ್ಕಳಿದ್ದಾರೆ ಎಂಬುದನ್ನೂ ಸೇರಿಸಿದ.

ಆಮೇಲೆ ಲಾರ್ನ್ ಮೊದಲ ಗೋಲ್‌ಕೀಪರ್ ರೆಜಾನ್ ಲಾಬ್ರೆಕ್ ಹತ್ತಿರ ಹೋದ. ಕ್ವಿಬೆಕ್ಕಿನ ಈ ರೆಜಾನ್ ಎರಡು ವರ್ಷ ಒಂದೇ ಒಂದು ನಿಮಿಷವೂ ಗೋಲಿನ ಗೂಡು ಬಿಟ್ಟುಕೊಟ್ಟಿರಲಿಲ್ಲ. ಜ್ವರ ಬಂದಾಗಲೂ ಆಡಿದ್ದ, ಹಲ್ಲು ಉದುರಿದಾಗ ಹಲ್ಲನ್ನು ಲಾರ್ನ್ ಕೈಗೆ ಕೊಟ್ಟು ಹೋಗಿ ಆಡಿದ್ದ. ಅವನು ಪ್ಯಾಡಿನ ಪಟ್ಟಿ ಬಿಗಿಯುತ್ತ ಕೂತಿದ್ದ. ಲಾರ್ನ್ ಒಂದು ನಿಮಿಷ ಕೇಳಿದ, ಕೊನೆಯ ಒಂದೇ ನಿಮಿಷ.

"ತಾತ, ಬೇರೆ ಏನಾದ್ರೂ ಕೇಳು. ನನ್ನ ಕಾರು ಕೇಳು, ಕೊಡ್ತೀನಿ," ಎಂದ ರೆಜಾನ್. "ಮುಂದಿನ ವಾರ ಬೇರೆ ತಂಡದವರು ನಮ್ಮನ್ನ ತರಕಾರಿ ಆರಿಸಿದ ಹಾಗೆ ಆರಿಸ್ತಾರೆ. ಇವತ್ತು ಅವರ ಕಡೆಯವರು ಇಬ್ಬರು ಮೇಲೆ ಕೂತಿದ್ದಾರೆ. ನಾನು ತಡೆಯೋ ಒಂದೊಂದು ಹೊಡೆತಾನೂ ಅವರು ಬರ್ಕೋತಾರೆ. ಆ ಕೊನೇ ನಿಮಿಷದಲ್ಲೇ ನಾಲ್ಕು ಬಂದ್ರೆ?"

ಲಾರ್ನ್ ಅವನ ಬೆನ್ನು ತಟ್ಟಿ ಎದ್ದ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಂತು. ಆದರೆ ಬೈಯಲು ಹೊರಟರೆ ಬೈಗುಳಕ್ಕೆ ತಕ್ಕ ತಲೆ ಯಾವುದೂ ಕಾಣಲಿಲ್ಲ. ಎಲ್ಲರದೂ ಅವರವರ ಹೊಟ್ಟೆಪಾಡು. ಅವನದು ಮಾತ್ರ ಬರೀ ಹುಚ್ಚು, ಹುಚ್ಚಿಗೆ ಯಾರು ಜಾಗ ಬಿಡುತ್ತಾರೆ?

ಪಂದ್ಯ ಎಂದಿನಂತೆ ನಡೆಯಿತು. ಮೂರನೇ ಹಾಗೂ ಕೊನೆಯ ಅವಧಿಯಲ್ಲಿ ಇನ್ನು ಮೂರು ನಿಮಿಷ ಬಾಕಿ ಇರುವಾಗ ಎದುರಾಳಿಯದು ಏಳು, ಟ್ವಿಸ್ಟರ್ಸ್‌ನದು ಒಂದು. ರೆಜಾನ್ ಐವತ್ತು ಹೊಡೆತ ತಡೆದು ಬೆವರಿನ ಮುದ್ದೆಯಾಗಿದ್ದ. ಲಾರ್ನ್ ಅಗಳಿ ತೆಗೆಯುತ್ತಿದ್ದ, ಹಾಕುತ್ತಿದ್ದ. ಗಡಿಯಾರವನ್ನು ನೋಡಬಾರದು ಎಂದು ನಿಶ್ಚಯಿಸಿ, ಅದನ್ನೇ ನೋಡುತ್ತಿದ್ದ.

ಆಗ ಎದುರಾಳಿಯೊಬ್ಬ ಟ್ವಿಸ್ಟರ್ಸ್‌ನವನ ಕಾಲಿಗೆ ಕೋಲು ಸಿಕ್ಕಿಸಿ ಕೆಡವಿದ. ರೆಫರಿ ಕೈ ಎತ್ತಿದ. ಕೈ ಎತ್ತಿದರೆ ಶಿಕ್ಷೆ ಖಾಯಂ, ಆದರೆ ತಪ್ಪು ಮಾಡಿದ ತಂಡ ಆಟದ ರಬ್ಬರ್ ಬಿಲ್ಲೆಯನ್ನು ಮುಟ್ಟುವವರೆಗೆ ಆಟ ನಿಲ್ಲುವುದಿಲ್ಲ. ಮುಟ್ಟಿದ ಕೂಡಲೇ ಸೀಟಿ ಬೀಳುವುದರಿಂದ ಅವರು ಆ ಹೊತ್ತಿನಲ್ಲಿ ಗೋಲು ಹೊಡೆಯಲಾರರು. ಅಂದಮೇಲೆ ನಮ್ಮ ಗೂಡಿಗೆ ಕಾವಲು ಯಾಕೆ? ಇಂಥ ಹೊತ್ತಿನಲ್ಲಿ ಗೋಲ್‌ಕೀಪರ್ ಗೂಡು ಬಿಟ್ಟು ಬೆಂಚಿಗೆ ಓಡಿ ಬರುತ್ತಾನೆ, ಅವನ ಬದಲು ಹೊಡೆಯುವವನೊಬ್ಬ ಹೆಚ್ಚಿಗೆ ಇಳಿಯುತ್ತಾನೆ. ಇದು ಎಲ್ಲ ತಂಡದವರೂ ಮಾಡುವುದೇ. ಏಳು ಒಂದರಲ್ಲಿ ಸೋಲುತ್ತಿರುವಾಗ ಇದರಿಂದ ಏನೂ ಆಗಬೇಕಾಗಿರಲಿಲ್ಲ, ಆದರೂ ಅಭ್ಯಾಸಬಲ. ರೆಜಾನ್ ಓಡಿ ಬಂದ. ಲಾರ್ನ್ ಬಾಗಿಲು ತೆಗೆದ. ಹೆಚ್ಚಿಗೆ ಇಳಿಯಬೇಕಾದ ಬಡ್ ಕಾರ್ಮೋಡಿ ಬೆಂಚಿನ ಆ ತುದಿಯಲ್ಲಿ ಹಲಗೆ ಗೋಡೆಯ ಮೇಲೆ ಒಂದು ಕಾಲು ಹಾಕಿದ.

ರೆಜಾನ್ ಒಳಗೆ ಬಂದ. ಬಾಗಿಲು ತೆರೆದೇ ಇತ್ತು. ಆಚೆ ಐಸ್ ಇತ್ತು.

ಲಾರ್ನ್‌ನ ತಲೆ ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಅವನು ಕೂತಿರುತ್ತಿದ್ದ, ಒಳ್ಳೆಯ ಮನುಷ್ಯ. ಕಾಲು ತಾನಾಗಿ ಎದ್ದು ಹೊರಟಿತು, ಅದೂ ಎಡಗಾಲು.

"ತಾತ," ಎಂದು ರೆಜಾನ್ ಹಿಂದಿನಿಂದ ಕೂಗಿದ. ಮರ್ವ್ ಏನೋ ಕೂಗಿದ, ಅದನ್ನು ಬರೆಯುವ ಹಾಗಿಲ್ಲ. ಬಡ್ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, ತಾನು ಇಳಿದರೆ ಆಟಗಾರರು ಹೆಚ್ಚಾಗುತ್ತಾರೆ, ಇಳಿಯದಿದ್ದರೆ ಬಯ್ಯುತ್ತಾರೆ ಎಂದು ಕುದುರೆ ಹತ್ತಿದವನ ಹಾಗೆ ಗೋಡೆಯ ಮೇಲೆಯೇ ಉಳಿದುಬಿಟ್ಟ.

ಲಾರ್ನ್ ತನ್ನ ಗೂಡಿನ ಕಡೆ ಹೊರಟ. ದಪ್ಪ ಪ್ಯಾಡುಗಳನ್ನು ಕಟ್ಟಿಕೊಂಡು ಮೂವತ್ತು ಗಜ ಹೋಗಬೇಕು. ಐಸ್ ಗಟ್ಟಿಯಾಗಿತ್ತು, ಸಗಣಿ ವಾಸನೆ ಇತ್ತು, ಅವನಿಗೆ ಅದು ಚೆನ್ನಾಗಿಯೇ ಅನಿಸಿತು. ಅವನಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು, ಮಂಡಿ ಎರಡಕ್ಕೂ ಅವಕಾಶ ಕೊಡದೆ ನೋಯುತ್ತಿತ್ತು. ಅತ್ತ ಎದುರಾಳಿಯ ಅಂಗಳದಲ್ಲಿ ಟ್ವಿಸ್ಟರ್ಸ್‌ನವನೊಬ್ಬ ಬಿಲ್ಲೆಯನ್ನು ಹಿಂದಕ್ಕೆ, ತನ್ನ ರಕ್ಷಣೆಯವನಿಗೆ ತಳ್ಳಿದ. ಆ ರಕ್ಷಣೆಯವನು ಅದೇ ಹೊತ್ತಿಗೆ ಕುತ್ತಿಗೆ ತಿರುಗಿಸಿ, ಬಾಯಿ ತೆರೆದುಕೊಂಡು, ತಾತ ಐಸ್ ಮೇಲೆ ಹೋಗುತ್ತಿರುವುದನ್ನು ನೋಡುತ್ತಿದ್ದ. ಬಿಲ್ಲೆ ಅವನ ಎರಡು ಕಾಲಿನ ನಡುವೆ ತೂರಿಕೊಂಡು, ನಿಲ್ಲಿಸುವವರಿಲ್ಲದೆ, ಟ್ವಿಸ್ಟರ್ಸ್‌ನ ಗೂಡಿನ ಕಡೆಗೆ ನೆಟ್ಟಗೆ ಹೊರಟಿತು.

ಸರ್ರೆಂಬ ಸದ್ದು ಕೇಳಿ ಲಾರ್ನ್ ಪಕ್ಕಕ್ಕೆ ನೋಡಿದ. ಬಿಲ್ಲೆ ಅವನ ಜೊತೆಜೊತೆಗೇ ಹೋಗುತ್ತಿತ್ತು. ಅವಸರವೇನೂ ಇರಲಿಲ್ಲ ಅದಕ್ಕೆ. ಅವನು ಜೋರು ಮಾಡಿದ, ಮಂಡಿ ಬೇಡ ಎಂದಿತು, ಬಿಲ್ಲೆ ಒಂದು ಗೇಣು ಮುಂದಾಯಿತು. ಗೂಡಿನ ಹತ್ತಿರ ಬಂದಾಗ ಅವನು ಮೈಮರೆತು ಮುಂದಕ್ಕೆ ನೆಗೆದ. ಬಿಲ್ಲೆ ಮೊದಲು ಒಳಗೆ ಹೋಯಿತು, ಹಿಂದೆಯೇ ಲಾರ್ನ್ ಹೋದ. ಇಬ್ಬರೂ ಬಲೆಯಲ್ಲಿ ಮಲಗಿದರು.

ಕೆಂಪು ದೀಪ ಹತ್ತಿತು. ವಿಚಿಟಾದ ಜನ ಎದ್ದು ನಿಂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ರೆಜಾನ್ ಆಗಲೇ ಎದ್ದು ಗೂಡಿಗೆ ವಾಪಸ್ ಹೊರಟಿದ್ದ. ಅವನಿಗೆ ಉಳಿದ ಎರಡೂವರೆ ನಿಮಿಷ ಬೇಕಿತ್ತು.

ಪಂದ್ಯ ಎಂಟು ಒಂದರಲ್ಲಿ ಮುಗಿಯಿತು. ತಂಡವೂ ಅಲ್ಲಿಗೆ ಮುಗಿಯಿತು. ಸ್ಟಬಲ್‌ಫೀಲ್ಡ್ ಬಂದು ಮರ್ವ್‌ನ ಎರಡೂ ಕೈ ಹಿಡಿದು, ಕೊನೆಗೂ ಗುಪ್ತಾಸ್ತ್ರ ತೆಗೆದಿರಲ್ಲ, ಎರಡು ವರ್ಷ ಕಾದಿದ್ದೂ ಸಾರ್ಥಕ, ಜನ ಹೇಗೆ ಎದ್ದು ನಿಂತರು ನೋಡಿ ಎಂದು ಕಣ್ಣೀರು ಹಾಕಿ ಹೋದ.

ಲಾರ್ನ್ ಬಟ್ಟೆ ಬದಲಾಯಿಸುವ ಕೋಣೆಯ ಹೊರಗೆ, ಓಣಿಯ ಬೆಂಚಿನ ಮೇಲೆ ಕೂತು ಪ್ಯಾಡು ಬಿಚ್ಚುತ್ತಿದ್ದ. ಒಳಗೆ ಹೋಗಲು ಅವನಿಗೆ ಧೈರ್ಯವಾಗಿರಲಿಲ್ಲ. ಆಗ ಮಿಸ್ ಶ್ರೋಡರ್ ಹಾಳೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದರು. ಎರಡು ವರ್ಷದಲ್ಲಿ ಅವರು ಯಾರನ್ನೂ ಏನನ್ನೂ ಕೇಳಲು ಕೆಳಗೆ ಬಂದವರಲ್ಲ. ಅವರ ಹಿಂದೆ ಮರ್ವ್ ಬಂದ, ಮರ್ವ್ ಹಿಂದೆ ತಲೆ ತಗ್ಗಿಸಿಕೊಂಡು ಬಡ್ ಕಾರ್ಮೋಡಿ.

"ಒಂದು ತೊಡಕಾಗಿದೆ, ಡ್ಯಾನಿಲಕ್ ಅವರೇ," ಎಂದರು ಮಿಸ್ ಶ್ರೋಡರ್. "ರೆಫರಿ ಬಿಲ್ಲೆ ಕಡೆ ನೋಡ್ತಿದ್ದರಂತೆ, ಬೆಂಚಿನ ಕಡೆ ನೋಡಿಲ್ಲ. ಏನಾದ್ರೂ ಬರ್ಕೊಳ್ಳಿ ಅಂತ ಹೇಳಿ ವಿಮಾನ ಹಿಡಿಯೋಕೆ ಹೋದರು. ನಾನು ಏನಾದ್ರೂ ಬರೆಯೋಳಲ್ಲ. ನಂಗೆ ನೀವು ಹೋಗಿದ್ದು ಕಾಣಿಸ್ತು. ಆದ್ರೆ ಕಾರ್ಮೋಡಿ ಅವರು ನಿಮಗಿಂತ ಮುಂಚೆ ತಾವೇ ಇಳಿದಿದ್ದು ಅಂತ ಹೇಳ್ತಿದ್ದಾರೆ."

"ಇಳಿದಿದ್ದ. ನಾನೇ ನೋಡ್ದೆ," ಎಂದ ಮರ್ವ್.

"ಹೂಂ, ನಾನೇ ಮೊದಲು," ಎಂದ ಬಡ್, ನೆಲ ನೋಡುತ್ತ.

ಅದರಿಂದ ಏನಾಗುತ್ತದೆ ಎಂದು ಮಿಸ್ ಶ್ರೋಡರ್ ವಿವರಿಸಿದರು. ಬಡ್ ಇಳಿದಿದ್ದರೆ ಲೆಕ್ಕದ ಪ್ರಕಾರ ಗೂಡು ಖಾಲಿ ಇತ್ತು. ಎಂಟನೇ ಗೋಲು ಯಾವ ಗೋಲ್‌ಕೀಪರನ ತಲೆಗೂ ಬರುವುದಿಲ್ಲ. ಲಾರ್ನ್ ಬಾಗಿಲಿನಿಂದ ತಪ್ಪಿ ಜಾರಿದ ಅಂತಾಗುತ್ತದೆ, ಅವನ ಹೆಸರು ಹಾಳೆಗೆ ಬರುವುದಿಲ್ಲ. ಲಾರ್ನ್ ಇಳಿದಿದ್ದರೆ ಅವನೇ ಗೋಲ್‌ಕೀಪರ್.

"ಆಗ ಹೀಗೆ ಬರುತ್ತೆ," ಎಂದು ಅವರು ಕನ್ನಡಕ ಸರಿಮಾಡಿಕೊಂಡರು. "ಪಂದ್ಯ ಒಂದು. ಹೊತ್ತು ಹನ್ನೆರಡು ಸೆಕೆಂಡು. ತಡೆದಿದ್ದು ಸೊನ್ನೆ, ಬಿಟ್ಟಿದ್ದು ಒಂದು. ಅರವತ್ತು ನಿಮಿಷಕ್ಕೆ ಸರಾಸರಿ ಮುನ್ನೂರು ಗೋಲು. ನಾನು ಹಳೇ ಪುಸ್ತಕ ಎಲ್ಲಾ ತಿರುವಿದೀನಿ. ಇದರ ಹತ್ತಿರಕ್ಕೂ ಯಾರೂ ಬಂದಿಲ್ಲ. ಮುಂದೆ ಬರ್ತಾರೆ ಅಂತಲೂ ನಂಗೆ ಅನ್ಸಲ್ಲ."

ಮರ್ವ್ ಲಾರ್ನ್ ಪಕ್ಕ ಕೂತು ಮೆತ್ತಗೆ ಹೇಳಿದ. "ನಂಗೋಸ್ಕರ ಅಲ್ಲ ಕಣೋ. ಸರಿ, ನಂಗೋಸ್ಕರಾನೂ ಹೌದು. ಆದ್ರೆ ನಿನ್ನ ಬಗ್ಗೇನೂ ಯೋಚನೆ ಮಾಡು. ಜನ ಆ ಪುಟ ತೆಗೆದು ತೆಗೆದು ನಗ್ತಾರೆ. ನೀನು ಸತ್ತ ಮೇಲೂ ನಗ್ತಾರೆ. ಬಡ್ ತಾನಾಗೇ ಬಂದು ಹೇಳಿದ, ನಾನೇನೂ ಹೇಳಿಕೊಟ್ಟಿಲ್ಲ."

ಬಡ್ ಹೌದೆಂದು ತಲೆ ಆಡಿಸಿದ. ಅದು ನಿಜವೆಂದು ಲಾರ್ನ್‌ಗೆ ಅವನ ಮುಖ ನೋಡಿದರೇ ಗೊತ್ತಾಯಿತು. ಈ ಒರಟು ಜನ ತನಗೊಂದು ಉಪಕಾರ ಮಾಡುತ್ತಿದ್ದಾರೆ ಎಂದೂ ಅವನಿಗೆ ತಿಳಿಯಿತು. ಹೂಂ ಎಂದರೆ ಎಲ್ಲರಿಗೂ ಒಳ್ಳೆಯದು. ಮರ್ವ್‌ಗೆ ಕೆಲಸ, ತನಗೆ ಮರ್ಯಾದೆ. ಊರಿಗೆ ಹೋಗಿ ಅವಕಾಶ ಸಿಗಲಿಲ್ಲ ಅನ್ನಬಹುದು, ಅವಕಾಶ ಸಿಗದವನನ್ನು ನೋಡಿ ಯಾರೂ ನಗುವುದಿಲ್ಲ. ಆ ಮುನ್ನೂರನ್ನು ಕನೋರಾದ ಜನ ಸುಮ್ಮನೆ ಬಿಡುತ್ತಾರೆಯೇ? ಮೂಗು ಮುರಿದವನು ಅದನ್ನು ದೊಡ್ಡಕ್ಷರದಲ್ಲಿ ಬರೆದು ಹಾಲ್‌ನಲ್ಲಿ ತೂಗುಹಾಕುತ್ತಾನೆ. ಅಂಗಡಿಗೆ ಹೋದರೆ ಮುನ್ನೂರು, ಚರ್ಚಿಗೆ ಹೋದರೆ ಮುನ್ನೂರು. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಹೆದರಿಕೆಯೂ ಆಯಿತು.

"ಬಡ್," ಎಂದ ಲಾರ್ನ್, "ನೀನು ಗೋಡೆ ಮೇಲಿದ್ದೆ."

"ಇಳಿದೆ ತಾತ."

"ಇಳಿದಿಲ್ಲ. ನಿನ್ನ ಚಡ್ಡಿ ಗೋಡೆಗೆ ಸಿಕ್ಕಿ ಹರಿದಿದೆ, ನೋಡ್ಕೋ." ಬಡ್ ಕೈ ಹಿಂದಕ್ಕೆ ಹೋಯಿತು. "ಒಳ್ಳೇ ಮನಸ್ಸಿಂದ ಹೇಳ್ತಿದೀಯ, ಗೊತ್ತು. ಮರ್ವ್, ನಿಂಗೆ ತೊಂದರೆ ಆಗುತ್ತೆ, ಅದೂ ಗೊತ್ತು, ತಪ್ಪಾಯ್ತು. ಆದ್ರೆ ಹತ್ತೊಂಬತ್ತು ವರ್ಷ ಕಾದು ನಂಗೆ ಸಿಕ್ಕಿರೋದು ಅದೊಂದೇ ಕಣ್ರೋ. ಅದನ್ನೂ ಖಾಲಿ ಗೂಡಿಗೆ ಬರೀಬೇಡಿ."

ಅವನು ಮಿಸ್ ಶ್ರೋಡರ್ ಕಡೆ ತಿರುಗಿ ಶಾಲೆಯಲ್ಲಿ ನಿಂತ ಹಾಗೆ ನೆಟ್ಟಗೆ ಎದ್ದು ನಿಂತ.

"ಗೂಡಲ್ಲಿ ನಾನಿದ್ದೆ ಮೇಡಂ. ಆ ಗೋಲು ನಂದೇ. ಬರೀರಿ."

ಅವರು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬರೆದರು. ದುಂಡಗಿನ ಅಕ್ಷರ, ಅವಸರ ಮಾಡಲಿಲ್ಲ. ಬರೆದಾದ ಮೇಲೆ, ಗೋಲ್‌ಕೀಪರುಗಳ ಪಟ್ಟಿಯನ್ನು ಸರಾಸರಿಯ ಪ್ರಕಾರ ಜೋಡಿಸುತ್ತಾರೆ, ನಿಮ್ಮದು ಎಲ್ಲರಿಗಿಂತ ಕೆಳಗೆ ಬರುತ್ತದೆ, ಯಾವತ್ತೂ ಅಲ್ಲೇ ಇರುತ್ತದೆ ಎಂದು ಎಚ್ಚರಿಸಿದರು.

"ಪಟ್ಟಿ ಒಳಗೇ ತಾನೆ?" ಎಂದು ಕೇಳಿದ ಲಾರ್ನ್.

"ಒಳಗೇ," ಎಂದರು ಮಿಸ್ ಶ್ರೋಡರ್, ಮತ್ತು ಕೆಳಗೆ ಸಹಿ ಹಾಕಿದರು.